ಕೋರಂ ಗಂಟೆಯ ಆಸೆ

ಮೇಲ್ಮನೆಯ ಮೊಗಸಾಲೆಯ ಗೋಡೆಯ ಮೇಲೆ ಒಂದು ಕೋರಂ ಗಂಟೆಯಿತ್ತು. ಸಭೆ ನಡೆಸಲು ಬೇಕಾದಷ್ಟು ಸದಸ್ಯರು ಇಲ್ಲವೆಂದು ಒಳಗೆ ಯಾರಾದರೂ ಕೂಗಿದರೆ ಅದು ಬಡಿದುಕೊಳ್ಳಬೇಕು, ಅವರು ಬಂದು ಕೂತೊಡನೆ ಸುಮ್ಮನಾಗಬೇಕು, ಇದು ನಿಯಮ. ಅವರು ಒಳಗೆ ಹೋದದ್ದೇ ತಡ, ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಹೀಗಾಗಿ ಇಷ್ಟು ವರ್ಷ ಎಲ್ಲರನ್ನೂ ಕರೆದ ಗಂಟೆಯ ಕಿವಿಗೆ ಒಳಗಿನ ಒಂದು ಮಾತೂ ಬಿದ್ದಿರಲಿಲ್ಲ.

“ಬಾಗಿಲಣ್ಣ, ಒಂದೇ ಒಂದು ಭಾಷಣ ಪೂರ್ತಿ ಕೇಳಬೇಕು,” ಎಂದು ಅದು ದಿನಾ ಗೋಗರೆಯುತ್ತಿತ್ತು.

“ಕೇಳುವಂಥದ್ದೇನಿದೆ ಅಲ್ಲಿ!” ಎನ್ನುತ್ತಿತ್ತು ಬಾಗಿಲು.

ಒಂದು ಮಧ್ಯಾಹ್ನ ಊಟಕ್ಕೆ ಹೋದ ಸದಸ್ಯರು ಹಿಂದಿರುಗಲೇ ಇಲ್ಲ. ಅವರ ದಾರಿ ಕಾಯುತ್ತಾ ಬಾಗಿಲು ತೆರೆದೇ ಇತ್ತು. ಒಳಗೆ ಶಿಕ್ಷಕರ ಕ್ಷೇತ್ರದ ಕಲ್ಲಿನಾಥ ಮೇಷ್ಟ್ರು ಎದ್ದು ನಿಂತರು.

“ಮಾನ್ಯ ಸಭಾಪತಿಗಳೇ, ನಮ್ಮ ಶಾಲೆಗೆ ಗಂಟೆ ಇರಲಿಲ್ಲ. ರೈಲು ಕಂಬಿಯ ತುಂಡೊಂದನ್ನು ಬೇವಿನ ಮರಕ್ಕೆ ಕಟ್ಟಿ ಬಡಿಯುತ್ತಿದ್ದೆವು. ಶಾಲೆಗೆ ಬೀಗ ಬಿದ್ದ ದಿನ ಮಕ್ಕಳೆಲ್ಲ ಆ ಕಂಬಿಯ ಹತ್ತಿರ ಹೋಗಿ...”

ಗಂಟೆ ಉಸಿರು ಬಿಗಿಹಿಡಿಯಿತು. ಲೋಕದಲ್ಲಿ ತನಗೂ ಒಬ್ಬ ತಮ್ಮನಿದ್ದಾನೆ!

“ಕೋರಂ ಇಲ್ಲ, ಸಭಾಪತಿಗಳೇ!” ಎಂದು ಯಾರೋ ಕೂಗಿದರು.

“ಇವತ್ತೊಂದು ದಿನ ಬೇಡ,” ಎಂದು ಗಂಟೆ ಬೇಡಿಕೊಂಡಿತು.

“ನಿಯಮ,” ಎಂದಿತು ಬಾಗಿಲು.

ಗಂಟೆ ಬಡಿದುಕೊಂಡಿತು. ಸದಸ್ಯರು ಓಡೋಡಿ ಬಂದರು. ಅದು ಸುಮ್ಮನಾಗುವಷ್ಟರಲ್ಲಿ ಮೇಷ್ಟ್ರ ಸಮಯ ಮುಗಿದು, ಅವರು ಕೂತಾಗಿತ್ತು.

“ಆ ಮಕ್ಕಳು ಏನು ಮಾಡಿದರಂತೆ, ಅಣ್ಣಾ?”

“ಮೇಷ್ಟ್ರೇನೋ ಹೇಳಿದರು,” ಎಂದಿತು ಬಾಗಿಲು, ಮುಚ್ಚಿಕೊಳ್ಳುತ್ತಾ. “ನಿನ್ನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.”