ಸಣ್ಣವ್ವನ ಏಳನೇ ಸಾಲು

ಒಂದು ಕಾಡಿನಲ್ಲಿ ಹೊಸದಾಗಿ ಕಾಲೇಜು ಶುರುವಾಯಿತು. ಹೊಳೆದಡದ ದೊಡ್ಡ ಬಂಡೆಯ ನೆರಳೇ ಅದರ ತರಗತಿ. ಪಾಠ ಹೇಳುವವರು ಗೀಜಗ ಮೇಷ್ಟ್ರು. ಒಂದೊಂದೇ ನಾರು ಎಳೆದು, ಒಂದು ಹೆಣಿಗೆಯೂ ತಪ್ಪದಂತೆ ಗೂಡು ನೇಯುವ ಹಕ್ಕಿ ಅದು. ಮೊದಲ ವರ್ಷದ ಪಾಠದ ಹೆಸರು ‘ರೋಬೋಟ್ ಮತ್ತು ಪ್ರೋಗ್ರಾಮಿಂಗ್ ಪರಿಚಯ’.

ಆ ತರಗತಿಯಲ್ಲಿ ಎಲ್ಲರಿಗಿಂತ ವಯಸ್ಸಾದವಳು ಮುಳ್ಳುಹಂದಿ ಸಣ್ಣವ್ವ. ಅವಳ ಮಕ್ಕಳು ಬೆಳೆದು ತಮ್ಮ ತಮ್ಮ ಬಿಲ ಸೇರಿದ್ದರು. ಗುಡ್ಡದ ಮೇಲಿನ ಗವಿಯಲ್ಲಿ ಅವಳ ತಾಯಿ ಇದ್ದಳು. ಮುದುಕಿಗೆ ಕಣ್ಣು ಮಂಜಾಗಿತ್ತು. ಕಾಲು ಮುರಿದುಕೊಂಡ ಕಡವೆಯಜ್ಜನೂ ಅಲ್ಲೇ ಇದ್ದ. ಇನ್ನೂ ನಾಲ್ಕು ಮಂದಿ ಮುದುಕರಿದ್ದರು. ನೀರು ಕೆಳಗೆ, ಗವಿ ಮೇಲೆ. ಇಳಿದು ಬಂದು ಕುಡಿಯುವ ಶಕ್ತಿ ಅವರಲ್ಲಿ ಯಾರಿಗೂ ಇರಲಿಲ್ಲ. ಸಣ್ಣವ್ವ ದಿನವೂ ಸೋರೆಬುರುಡೆಗೆ ನೀರು ತುಂಬಿ, ಹಗ್ಗ ಕಟ್ಟಿ ಎಳೆದುಕೊಂಡು ಗುಡ್ಡ ಹತ್ತುತ್ತಿದ್ದಳು. ಮೇಲೆ ಮುಟ್ಟುವಷ್ಟರಲ್ಲಿ ಅರ್ಧ ನೀರು ದಾರಿಯಲ್ಲೇ ಚೆಲ್ಲಿಹೋಗುತ್ತಿತ್ತು. ಮಿಕ್ಕ ಅರ್ಧವನ್ನೇ ಆರು ಜನ ಹಂಚಿಕೊಂಡು ಕುಡಿಯುತ್ತಿದ್ದರು.

ಮೊದಲ ದಿನವೇ ಮೇಷ್ಟ್ರು ಹೇಳಿದರು: “ಕೊನೆಯ ಪರೀಕ್ಷೆಯಲ್ಲಿ ನೀರು ಚೆಲ್ಲದೆ ಗುಡ್ಡ ಹತ್ತುವ ರೋಬೋಟನ್ನು ಗವಿಯ ಕೆಲಸಕ್ಕೆ ಹಚ್ಚುತ್ತೇವೆ. ಅದಕ್ಕೆ ಪ್ರೋಗ್ರಾಂ ಬರೆದವರೇ ನೀರಿನ ಉಸ್ತುವಾರಿ. ಆದರೆ ಒಂದು ಮಾತು. ಇನ್ನೊಬ್ಬರದ್ದನ್ನು ನಕಲು ಮಾಡಿದವರು ಈ ಪಾಠಕ್ಕೆ ಮತ್ತೆ ಮೊದಲಿನಿಂದ ಕೂರಬೇಕು.”

ಮುಂಗುಸಿ ಚಿಮ್ಮನ ಕಿವಿ ನಿಮಿರಿತು. ಅವನು ಓಟದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. “ಆ ಪಟ್ಟ ನನಗೇ. ಯಾರಿಗೆ ಮೊದಲು ನೀರು, ಯಾರಿಗೆ ಆಮೇಲೆ ಅಂತ ಇನ್ನು ನಾನು ಹೇಳ್ತೀನಿ” ಎಂದು ಪಕ್ಕದ ಮೊಲದ ಕಿವಿಯಲ್ಲಿ ಉಸುರಿದ.

ಮೇಷ್ಟ್ರು ರೋಬೋಟುಗಳನ್ನು ಹೊರಗಿಟ್ಟರು. ಒಂದೊಂದೂ ಒಂದು ಪುಟ್ಟ ಗಾಡಿ. ಎರಡು ಚಕ್ರ, ಮುಂದೆ ಎರಡು ಗಾಜಿನ ಕಣ್ಣು, ಬೆನ್ನ ಮೇಲೆ ಬಿಸಿಲು ಕುಡಿದು ಬಲ ಕೊಡುವ ಒಂದು ತಗಡು. ಹಲಗೆಯ ಮೇಲೆ ಆಜ್ಞೆಗಳನ್ನು ಬರೆದು ಗಾಡಿಗೆ ಸಿಕ್ಕಿಸಿದರೆ ಅದು ಓದಿಕೊಂಡು ನಡೆಯುತ್ತಿತ್ತು. ಚಿಮ್ಮ ಎಲ್ಲರನ್ನೂ ತಳ್ಳಿಕೊಂಡು ಹೋಗಿ ಫಳಫಳ ಹೊಳೆಯುವ ಗಾಡಿಯನ್ನೇ ಆರಿಸಿಕೊಂಡ. ಸಣ್ಣವ್ವ ನಿಧಾನಕ್ಕೆ ಹೋಗುವಷ್ಟರಲ್ಲಿ ಉಳಿದಿದ್ದು ಒಂದೇ. ಬಣ್ಣ ಹೋದ, ಕಿರುಗುಟ್ಟುವ ಹಳೇ ಗಾಡಿ.

“ಓಡಿದರೆ ಸಾಕು” ಎಂದು ಅವಳು ಅದನ್ನೇ ತಬ್ಬಿಕೊಂಡಳು.

ಪಾಠ ಸುಲಭವಾಗಿರಲಿಲ್ಲ. ‘ಮುಂದೆ ಹೋಗು’ ಎಂದು ಬರೆದು ‘ನಿಲ್ಲು’ ಎಂದು ಬರೆಯಲು ಮರೆತಳು. ಗಾಡಿ ನೆಟ್ಟಗೆ ಹೋಗಿ ಹೊಳೆಗೆ ಬಿತ್ತು. ಇಡೀ ತರಗತಿ ನಕ್ಕಿತು. ಸಣ್ಣವ್ವನೂ ನಕ್ಕಳು. ಆಮೇಲೆ ನೀರಿಗಿಳಿದು ಗಾಡಿಯನ್ನು ಎತ್ತಿ ತಂದು ಬಿಸಿಲಿಗಿಟ್ಟಳು.

“ನಾನು ನಿಲ್ಲಬೇಕು ಅಂತಲೇ ಅಂದ್ಕೊಂಡಿದ್ದೆ, ಮೇಷ್ಟ್ರೇ” ಎಂದಳು.

“ನೀನು ಅಂದುಕೊಂಡದ್ದು ಅದಕ್ಕೆ ಹೇಗೆ ಗೊತ್ತಾಗಬೇಕು, ಸಣ್ಣವ್ವ? ಬರೆದದ್ದನ್ನು ಮಾತ್ರ ಅದು ಮಾಡುತ್ತದೆ. ಎಡವಟ್ಟಾದರೆ ಅದನ್ನು ಬೈಯಬೇಡ. ನಿನ್ನ ಸಾಲುಗಳನ್ನು ಮೊದಲಿನಿಂದ ಓದು” ಎಂದರು ಗೀಜಗ ಮೇಷ್ಟ್ರು.

ಸಣ್ಣವ್ವ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ದಿನವೂ ಬರೆದಳು, ಓಡಿಸಿದಳು, ತಪ್ಪು ಹುಡುಕಿದಳು, ತಿದ್ದಿದಳು. ‘ಕಲ್ಲು ಕಂಡರೆ ಸುತ್ತಿ ಹೋಗು, ಕಾಣದಿದ್ದರೆ ನೇರ ಹೋಗು’ ಎಂದು ಬರೆಯಲು ಕಲಿತಳು. ಒಂದೇ ಆಜ್ಞೆಯನ್ನು ನೂರು ಸಲ ಬರೆಯುವ ಬದಲು ‘ಗವಿ ಮುಟ್ಟುವ ತನಕ ಇದನ್ನೇ ಮಾಡು’ ಎಂದು ಒಂದೇ ಸಾಲಿನಲ್ಲಿ ಮುಗಿಸಲು ಕಲಿತಳು. ಆ ಸಾಲು ಕೆಲಸ ಮಾಡಿದ ದಿನ ಅವಳ ಬೆನ್ನಿನ ಮುಳ್ಳುಗಳೆಲ್ಲ ಖುಷಿಗೆ ಝಲ್ಲೆಂದು ಎದ್ದು ನಿಂತವು.

ಆದರೂ ಒಂದು ತೊಡಕು ಉಳಿಯಿತು. ಅವಳ ಗಾಡಿ ನೇರ ಹೋಗುತ್ತಿರಲಿಲ್ಲ. ಎಷ್ಟು ಸಲ ಬಿಟ್ಟರೂ ಬಲಕ್ಕೆ ವಾಲುತ್ತಿತ್ತು. ಅವಳು ಸಾಲುಗಳನ್ನೆಲ್ಲ ಓದಿದಳು. ತಪ್ಪು ಸಿಗಲಿಲ್ಲ. ಕೊನೆಗೆ ಗಾಡಿಯನ್ನೇ ಮಗುಚಿ ಹಾಕಿ, ಎರಡೂ ಚಕ್ರಗಳನ್ನು ಹುಲ್ಲುಕಡ್ಡಿಯಿಂದ ಅಳೆದಳು. ಬಲಚಕ್ರ ಸವೆದು ಚಿಕ್ಕದಾಗಿತ್ತು. ಬೇರೆ ಚಕ್ರ ಸಿಗುವಂತಿರಲಿಲ್ಲ. ಮೂರು ದಿನ ಅಳೆದು ಸುರಿದು ಏಳನೇ ಸಾಲಿನಲ್ಲಿ ಹೀಗೆ ಬರೆದಳು: ‘ಹತ್ತು ಸುತ್ತಿಗೊಮ್ಮೆ ಒಂದು ಬೆರಳಷ್ಟು ಎಡಕ್ಕೆ ತಿರುಗು.’ ಗಾಡಿ ಗೆರೆ ಎಳೆದ ಹಾಗೆ ನೇರ ಹೋಯಿತು.

ಈ ದಿನಗಳಲ್ಲೆಲ್ಲ ಚಿಮ್ಮ ಎಲ್ಲಿದ್ದ? ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಿದ್ದ. ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಸಣ್ಣವ್ವನ ಹತ್ತಿರ ಮೆಲ್ಲಗೆ ಬಂದ.

“ಸಣ್ಣಕ್ಕ, ಊಟ ಮಾಡಿದ್ರಾ? ಮುಖ ಬಾಡಿಹೋಗಿದೆ. ಹೋಗಿ ನಾಲ್ಕು ಗೆಡ್ಡೆ ತಿಂದು ಬನ್ನಿ. ನಿಮ್ಮ ಹಲಗೆ ನಾನು ನೋಡ್ಕೋತೀನಿ.”

“ಒಳ್ಳೇದಾಯ್ತು ತಮ್ಮ. ಗಾಳಿಗೆ ಬೀಳದ ಹಾಗೆ ನೋಡ್ಕೋ” ಎಂದು ಸಣ್ಣವ್ವ ಹೋದಳು. ಅವಳಿಗೆ ಯಾರ ಮೇಲೂ ಅನುಮಾನ ಪಟ್ಟು ಅಭ್ಯಾಸವಿರಲಿಲ್ಲ.

ಚಿಮ್ಮ ಹಲಗೆಯನ್ನು ನೋಡಿಕೊಂಡ. ಹನ್ನೆರಡೂ ಸಾಲುಗಳನ್ನು ಒಂದಕ್ಷರ ಬಿಡದೆ ತನ್ನ ಹಲಗೆಗೆ ಇಳಿಸಿಕೊಂಡ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಅದನ್ನು ಮೇಷ್ಟ್ರಿಗೆ ಒಪ್ಪಿಸಿ, “ಹೇಳಬಾರದು ಅಂತಿದ್ದೆ ಮೇಷ್ಟ್ರೇ. ಸಣ್ಣಕ್ಕ ನಿನ್ನೆ ನನ್ನ ಹಲಗೆಯನ್ನೇ ದಿಟ್ಟಿಸುತ್ತಾ ಕೂತಿದ್ರು. ವಯಸ್ಸಾಗಿದೆ, ಪಾಪ” ಎಂದ.

ಸಣ್ಣವ್ವ ತನ್ನ ಹಲಗೆ ಕೊಟ್ಟಾಗ ಮೇಷ್ಟ್ರು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಒಂದೇ ಅಚ್ಚಿನಲ್ಲಿ ಒತ್ತಿದ ಹಾಗಿದ್ದವು.

“ಇಬ್ಬರಲ್ಲಿ ಒಬ್ಬರು ನಕಲು ಮಾಡಿದ್ದೀರಿ” ಎಂದರು.

ಸಣ್ಣವ್ವ ಬಗ್ಗಿ ಎರಡೂ ಹಲಗೆಗಳನ್ನು ಓದಿದಳು. ಚಿಮ್ಮನ ಕಡೆ ನೋಡಿದಳು. ಅವನು ಆಕಾಶ ನೋಡುತ್ತಿದ್ದ. ನಡೆದದ್ದೇನೆಂದು ಅವಳಿಗೆ ಆಗ ಅರ್ಥವಾಯಿತು. ಕೂಗಾಡಬೇಕು ಎನಿಸಿತು. ಆದರೆ ಹನ್ನೆರಡು ಸಾಲುಗಳಲ್ಲಿ ಒಂದೊಂದೂ ಹುಟ್ಟಿದ ದಿನ ಅವಳಿಗೆ ನೆನಪಿತ್ತು. ಹೆದರುವುದೇಕೆ ಎಂದು ಅವಳು ನೆಟ್ಟಗೆ ನಿಂತಳು.

“ನೀವು ಏನು ಬೇಕಾದರೂ ಕೇಳಿ ಮೇಷ್ಟ್ರೇ” ಎಂದಳು.

“ಚಿಮ್ಮ, ಈ ಏಳನೇ ಸಾಲು ಯಾಕೆ ಬರೆದೆ?” ಎಂದು ಮೇಷ್ಟ್ರು ಕೇಳಿದರು.

ಚಿಮ್ಮ ತಡಬಡಿಸಲಿಲ್ಲ. “ಗುಡ್ಡದ ದಾರಿ ಎಡಕ್ಕೆ ತಿರುಗುತ್ತದಲ್ಲ, ಅದಕ್ಕೆ” ಎಂದ.

“ಸಣ್ಣವ್ವ, ನೀನು ಆಮೇಲೆ ಹೇಳು. ಚಿಮ್ಮ, ಮೊದಲು ನಿನ್ನ ಗಾಡಿ ಬಿಡು.”

ಕಾಡೆಲ್ಲ ದಾರಿಯ ಎರಡೂ ಬದಿ ಬಂದು ನಿಂತಿತ್ತು. ಚಿಮ್ಮ ತನ್ನ ಹೊಳೆಯುವ ಗಾಡಿಯ ಮೇಲೆ ತುಂಬಿದ ಬುರುಡೆ ಇಟ್ಟು, ಎದೆಯುಬ್ಬಿಸಿ ಬಿಟ್ಟ. ಹತ್ತು ಸುತ್ತು ಹೋಗಿ ಗಾಡಿ ಸ್ವಲ್ಪ ಎಡಕ್ಕೆ ತಿರುಗಿತು. ಇನ್ನು ಹತ್ತು ಸುತ್ತು ಹೋಗಿ ಇನ್ನೂ ಎಡಕ್ಕೆ ತಿರುಗಿತು. ಹಾಗೇ ತಿರುಗುತ್ತಾ ದಾರಿ ಬಿಟ್ಟು, ಎಮ್ಮೆಗಳು ಹೊರಳಾಡುವ ಕೆಸರುಗುಂಡಿಗೆ ಇಳಿದು ಮಗುಚಿಕೊಂಡಿತು. ನೀರೆಲ್ಲ ಕೆಸರಿನ ಪಾಲಾಯಿತು.

“ಗಾಡಿಯೇ ಸರಿ ಇಲ್ಲ” ಎಂದ ಚಿಮ್ಮ.

“ಗಾಡಿ ಸರಿಯಾಗಿದೆ” ಎಂದಳು ಸಣ್ಣವ್ವ. “ಅದರ ಎರಡು ಚಕ್ರವೂ ಸಮ ಇವೆ, ಮೇಷ್ಟ್ರೇ. ಗುಡ್ಡದ ದಾರಿಯೂ ನೇರ, ಆ ಗಾಡಿಯೂ ತನ್ನಷ್ಟಕ್ಕೆ ನೇರ ಹೋಗುವಂಥದ್ದು. ಅದಕ್ಕೆ ಏಳನೇ ಸಾಲು ಬೇಕಾಗೇ ಇಲ್ಲ. ನನ್ನ ಗಾಡಿಯ ಬಲಚಕ್ರ ಸವೆದಿದೆ. ಬಲಕ್ಕೆ ವಾಲುತ್ತಿತ್ತು. ಅದಕ್ಕೆ ಆಗಾಗ ಎಡಕ್ಕೆ ತಿರುಗಿಸೋ ಸಾಲು ಬರೆದೆ.”

“ಹಾಗಾದರೆ ಅವನ ಗಾಡಿಯನ್ನು ಸರಿಮಾಡಿ ತೋರಿಸುತ್ತೀಯಾ?”

ಸಣ್ಣವ್ವ ಕೆಸರಿಗಿಳಿದು ಗಾಡಿಯನ್ನು ಎತ್ತಿದಳು. ಒರೆಸಿದಳು. ಹಲಗೆಯಿಂದ ಏಳನೇ ಸಾಲನ್ನು ಅಳಿಸಿ ಮತ್ತೆ ಬಿಟ್ಟಳು. ಗಾಡಿ ಬಾಣದ ಹಾಗೆ ದಾರಿ ಹಿಡಿದು ಹೋಯಿತು. ನೋಡುತ್ತಿದ್ದ ಪ್ರಾಣಿಗಳೆಲ್ಲ ಒಂದೇ ಸಲ ಚಿಮ್ಮನ ಕಡೆ ತಿರುಗಿದವು. ಅವನು ಬಾಲವನ್ನು ಕಾಲ ನಡುವೆ ಸೇರಿಸಿಕೊಂಡ.

“ಈಗ ಹೇಳು” ಎಂದರು ಮೇಷ್ಟ್ರು.

“ನಕಲು ಮಾಡಿದ್ದು ನಾನೇ” ಎಂದ ಚಿಮ್ಮ.

“ಹೊಸ ತಂಡ ಬಂದಾಗ ಮೊದಲ ಪಾಠಕ್ಕೆ ಬಂದು ಕೂರು. ಅದಿರಲಿ, ನೀನು ಚೆಲ್ಲಿದ್ದು ಗವಿಯವರು ಕುಡಿಯುವ ನೀರು. ಒಂದು ಬುರುಡೆ ತುಂಬಿ ನೀನೇ ಎಳೆದುಕೊಂಡು ಮೇಲೆ ಹೋಗು.”

ಚಿಮ್ಮ ಹಗ್ಗವನ್ನು ಹೆಗಲಿಗೆ ಹಾಕಿಕೊಂಡ. ಆ ಬಿಸಿಲಿನಲ್ಲಿ ಅರ್ಧ ಗುಡ್ಡ ಹತ್ತುವಷ್ಟರಲ್ಲಿ ಅವನ ನಾಲಿಗೆ ಹೊರಗೆ ಬಂದಿತ್ತು. ಸಣ್ಣವ್ವನ ಹಳೇ ಗಾಡಿ ಕಿರುಗುಟ್ಟುತ್ತಾ, ತುಂಬಿದ ಬುರುಡೆ ಹೊತ್ತು, ಒಂದು ಹನಿಯೂ ತುಳುಕದ ಹಾಗೆ ಅವನನ್ನು ದಾಟಿ ಮುಂದೆ ಹೋಯಿತು.

ಗವಿಯಲ್ಲಿ ಆರು ಮಂದಿಯೂ ಹೊಟ್ಟೆ ತುಂಬ ನೀರು ಕುಡಿದರು. ಕಡವೆಯಜ್ಜ ಎರಡು ಸಲ ಕುಡಿದ. ಸಣ್ಣವ್ವ ಹಿಂದೆಯೇ ಹತ್ತಿ ಬಂದು ತಾಯಿಯ ಪಕ್ಕ ಕುಳಿತಳು. ಮುದುಕಿ ಮೂತಿ ಒರೆಸಿಕೊಳ್ಳುತ್ತಾ ಕೇಳಿದಳು: “ಇವತ್ತು ಬುರುಡೆ ತುಂಬ ಇದೆಯಲ್ಲೇ. ಯಾರು ತಂದದ್ದು?”

“ಗಾಡಿ ತಂತು ಅವ್ವಾ” ಎಂದಳು ಸಣ್ಣವ್ವ. “ಅದಕ್ಕೆ ದಾರಿ ಹೇಳಿಕೊಟ್ಟಿದ್ದು ನಾನು.”

ನೀತಿ: ಇನ್ನೊಬ್ಬರ ಉತ್ತರವನ್ನು ಕದಿಯಬಹುದು, ಅದರ ಹಿಂದಿನ ತಿಳಿವಳಿಕೆಯನ್ನು ಕದಿಯಲು ಆಗುವುದಿಲ್ಲ. ತಾನೇ ತಪ್ಪಿ, ತಾನೇ ತಿದ್ದಿ ಕಲಿತ ವಿದ್ಯೆಯೇ ಸಮಯಕ್ಕೆ ಕೈಹಿಡಿಯುತ್ತದೆ.