ತುಂಗಜ್ಜಿ ಸೇಬಿನ ಗಿಡಕ್ಕೆ ಹೊದಿಸಿದ ಕಂಬಳಿ

ಹಿಮ ಬೀಳುವ ಒಂದು ಬೆಟ್ಟ. ಆ ಬೆಟ್ಟದ ಕಾಡಿನಲ್ಲಿ ತುಂಗಜ್ಜಿ ಎಂಬ ಮುದಿ ಕರಡಿ ಇದ್ದಳು. ಅವಳ ಗುಹೆಯ ಹಿತ್ತಲಲ್ಲಿ ಮೂರು ಸೇಬಿನ ಗಿಡಗಳಿದ್ದವು. ಎರಡು ಚಳಿಗೆ ಸತ್ತವು. ಉಳಿದದ್ದು ಒಂದೇ, ಅದೂ ಇನ್ನೂ ಫಲ ಕಂಡಿರಲಿಲ್ಲ.

"ನನ್ನ ಹಲ್ಲು ಉದುರೋದರೊಳಗೆ ಇದರ ಒಂದು ಹಣ್ಣು ಕಚ್ಚಿ ತಿನ್ನಬೇಕು. ಅಷ್ಟೇ ನನ್ನ ಆಸೆ" ಎನ್ನುತ್ತಿದ್ದಳು ಅಜ್ಜಿ.

ಅಜ್ಜಿ ಒಳ್ಳೆಯವಳೇ, ಮಕ್ಕಳೇ. ಆದರೆ ಅವಳ ಅಕ್ಕರೆ ಅಂದರೆ ಕಾಡಿಗೇ ಭಯ. ಮೊಲದ ಮರಿ ಒಮ್ಮೆ ಸೀನಿದ್ದಕ್ಕೆ ಅದನ್ನು ಹುಲ್ಲಿನಲ್ಲಿ ಹೂತೇ ಬಿಟ್ಟಿದ್ದಳು. ಪಾಪ, ಅದು ಹೊರಗೆ ಬರುವಷ್ಟರಲ್ಲಿ ಸುಸ್ತಾಗಿತ್ತು.

ಚಳಿಗಾಲ ಬರುತ್ತಿದ್ದಂತೆ ಅಜ್ಜಿ ಗಿಡದ ಬುಡಕ್ಕೆ ಒಣ ಎಲೆ, ಹುಲ್ಲು, ಗೊಬ್ಬರ ಎಲ್ಲವನ್ನೂ ತಂದು ಸುರಿದಳು. ಕಾಂಡಕ್ಕೆ ಒತ್ತಿ ಒತ್ತಿ ಪೇರಿಸಿದಳು. ಗಿಡದ ಅರ್ಧ ಮೈ ಮುಚ್ಚಿಹೋಯಿತು.

ಪಕ್ಕದ ಬಿಲದ ಮುಳ್ಳುಹಂದಿ ಮುಳ್ಳಪ್ಪ ಆ ದಾರಿಯಲ್ಲಿ ಬಂದ.

"ಅಜ್ಜೀ, ಹೊದಿಕೆ ಬೇಕು, ಸರಿ. ಆದರೆ ಕಾಂಡಕ್ಕೆ ತಾಗಬಾರದು. ಒಂದು ಗೇಣು ಬಿಟ್ಟು ಸುತ್ತಲೂ ಹಾಸು. ತೊಗಟೆಗೆ ಗಾಳಿ ಆಡಬೇಕು" ಎಂದ.

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಮುಳ್ಳುಹಂದಿಗಳಿಗೆ ತೊಗಟೆ ಅಂದರೆ ಪ್ರಾಣ ಅಂತ ಯಾರಿಗೆ ಗೊತ್ತಿಲ್ಲ?

"ಗೇಣು ಬಿಟ್ಟರೆ ನಿನ್ನ ಮೂತಿಗೆ ದಾರಿ ಆಗುತ್ತೆ, ಅಲ್ಲವೇನೋ? ಹಾಲಿಗೆ ಬೆಕ್ಕನ್ನು ಕಾವಲು ಇಡೋಳಲ್ಲ ನಾನು. ನಡಿ ಇಲ್ಲಿಂದ" ಎಂದಳು.

"ತೊಗಟೆ ತಿನ್ನೋನು ನಾನು, ನಿಜ. ಅದಕ್ಕೇ ಅದು ಯಾವಾಗ ಕೊಳೆಯುತ್ತೆ ಅಂತ ನನಗೆ ಗೊತ್ತು" ಎನ್ನುತ್ತಾ ಮುಳ್ಳಪ್ಪ ಹೊರಟುಹೋದ.

ಅವನ ಮೇಲಿನ ಸಿಟ್ಟಿಗೆ ಅಜ್ಜಿ ಇನ್ನಷ್ಟು ಎಲೆ ಪೇರಿಸಿದಳು.

ಹಿಮ ಬಿತ್ತು, ಕರಗಿತು. ಕಾಡಿನ ಗಿಡಗಳೆಲ್ಲ ಚಿಗುರಿದವು. ಅಜ್ಜಿಯ ಸೇಬು ಮಾತ್ರ ಬೋಳಾಗಿಯೇ ನಿಂತಿತ್ತು. ಒಂದು ಬೆಳಿಗ್ಗೆ ಗಾಳಿಗೆ ಅದು ಸ್ವಲ್ಪ ವಾಲಿತು ಕೂಡ.  ಅಜ್ಜಿ ಬಿಗುಮಾನ ಬಿಟ್ಟು ಮುಳ್ಳಪ್ಪನ ಬಿಲದ ಬಾಗಿಲಿಗೆ ಓಡಿದಳು.

"ಬಾರಪ್ಪ, ನನ್ನ ಗಿಡ ಹೋಗ್ತಾ ಇದೆ."

ಮುಳ್ಳಪ್ಪ ಹಂಗಿಸಲಿಲ್ಲ. ಇಬ್ಬರೂ ಸೇರಿ ಎಲೆರಾಶಿಯನ್ನು ಕೆದರಿದರು. ಒಳಗೆ ಬೆಚ್ಚಗೆ ಮಲಗಿದ್ದ ಸುಂಡಿಲಿಯೊಂದು ಮರಿಗಳ ಸಮೇತ ಎದ್ದು ಕೂತಿತು.

"ಏನಜ್ಜೀ, ನೀನೇ ಕಟ್ಟಿಕೊಟ್ಟ ಮನೆ, ನೀನೇ ಕೆಡವುತ್ತೀಯಾ?" ಎಂದಿತು ಇಲಿ. "ಚಳಿಯಿಲ್ಲ, ಗೂಬೆಯ ಕಾಟವಿಲ್ಲ, ತಿನ್ನಲು ಗೋಡೆಯೇ ತೊಗಟೆ. ನಿನ್ನ ಹೊಟ್ಟೆ ತಣ್ಣಗಿರಲಿ ಅಂತ ದಿನಾ ಹರಸುತ್ತಿದ್ದೆವು."

ಅಜ್ಜಿ ಬಗ್ಗಿ ನೋಡಿದಳು. ಕಾಂಡದ ಒಂದು ಕಡೆ ಕೊಳೆತು ಕಪ್ಪಾಗಿತ್ತು. ಇನ್ನೊಂದು ಕಡೆ ಇಲಿಗಳು ಕೆರೆದು ಬಿಳಿ ಮಾಡಿದ್ದವು.

"ಯಾರ ಕೈಯಿಂದ ಕಾಪಾಡಲು ಹೋದೆನೋ ಅವನು ಮುಟ್ಟಲೇ ಇಲ್ಲ. ಕೊಂದವಳು ನಾನೇ" ಎಂದು ಅಜ್ಜಿ ಕುಸಿದು ಕೂತಳು.

"ತಾಳು" ಎಂದ ಮುಳ್ಳಪ್ಪ. ಕಾಂಡದ ಸುತ್ತ ಮೂಸುತ್ತಾ ಹೋಗಿ ಒಂದು ಕಡೆ ನಿಂತ. ಅಲ್ಲಿ ಅಂಗೈ ಅಗಲದ ತೊಗಟೆ ಉಳಿದಿತ್ತು. ಉಗುರಿನಿಂದ ಮೆಲ್ಲಗೆ ಗೀರಿದ. ಒಳಗೆ ಹಸಿರು.

"ಇಷ್ಟು ಸಾಕು, ಅಜ್ಜಿ. ಇದರ ಮೂಲಕವೇ ನೀರು, ಅನ್ನ ಎಲ್ಲ ಓಡಾಡುತ್ತೆ. ಗಿಡ ಬದುಕುತ್ತೆ."

ಅಜ್ಜಿಗೆ ಹೋದ ಜೀವ ಬಂದಂತಾಯಿತು. ಅಲ್ಲೇ ಕೂತು ಗಳಗಳ ಅತ್ತಳು.

ಎಲೆಗಳನ್ನೆಲ್ಲ ದೂರ ಸರಿಸಿದರು. ಗಾಯಕ್ಕೆ ಕೆಮ್ಮಣ್ಣು, ಸೆಗಣಿ ಕಲಸಿ ಮೆತ್ತಿದರು. ವಾಲಿದ ಕಡೆಗೊಂದು ಕವಲುಕೋಲು ಊರಿದರು. ಆಮೇಲೆ ಅಜ್ಜಿ ಮಾಡಿದ್ದು ಅವಳ ಬಾಳಿನಲ್ಲೇ ಕಷ್ಟದ ಕೆಲಸ: ಗಿಡವನ್ನು ಅದರ ಪಾಡಿಗೆ ಬಿಟ್ಟಳು. ಕೈ ತುರಿಸಿದಾಗಲೆಲ್ಲ ಹೊಳೆಗೆ ಹೋಗಿ ಮೀನು ಹಿಡಿಯುತ್ತಿದ್ದಳು.

ಗಿಡ ತಡವಾಗಿ ಚಿಗುರಿತು, ತಡವಾಗಿಯೇ ಒಂದು ಗೊಂಚಲು ಹೂ ಬಿಟ್ಟಿತು. ಕಾರ್ತಿಕದ ಹೊತ್ತಿಗೆ ಒಂದೇ ಒಂದು ಸೇಬು ಕೆಂಪಾಗಿ ತೂಗಿತು. ಅಜ್ಜಿ ಅದನ್ನು ಕಿತ್ತು ಎರಡು ಹೋಳು ಮಾಡಿ, ದೊಡ್ಡದನ್ನು ಮುಳ್ಳಪ್ಪನ ಮುಂದಿಟ್ಟಳು.

"ತಿನ್ನೋ. ಇನ್ನೂ ಬೇಕಾದರೆ ಹೇಳು, ನನ್ನದನ್ನೂ ಕೊಡುತ್ತೇನೆ. ಚಳಿ ಆಗುತ್ತಿದ್ದರೆ..." ಎಂದು ಒಣಹುಲ್ಲಿಗೆ ಕೈಹಾಕಿದವಳು ತಡೆದು ನಿಂತಳು. "ಆಗುತ್ತಿದ್ದರೆ ನೀನೇ ಕೇಳು."

ಮುಳ್ಳಪ್ಪ ನೆಮ್ಮದಿಯಿಂದ ಸೇಬು ಕಚ್ಚಿದ.

ನೀತಿ: ಅಕ್ಕರೆ ಅತಿಯಾದರೆ ಅದೇ ಉರುಳಾಗುತ್ತದೆ, ಕಾಪಾಡುವವರು ಇನ್ನೊಬ್ಬರಿಗೆ ಉಸಿರಾಡಲು ಜಾಗ ಬಿಡಬೇಕು.