ಎಲ್ಲರ ಬೋಳು

ಮರಡಿಹಟ್ಟಿಯಿಂದ ಮೂಡಲಿಗೆ ಎರಡು ಮೈಲಿ ನಡೆದರೆ ನಮ್ಮ ಐದು ಊರಿಗೂ ಸೇರಿದ ಹುಲ್ಲುಗುಡ್ಡ ಸಿಗುತ್ತದೆ. ಮಳೆ ಮುಗಿದ ಮೇಲೆ ಬಂದವರಿಗೆ ಸೊಂಟದೆತ್ತರದ ಕರಡದ ಹುಲ್ಲು, ಅದರೊಳಗೆ ಓಡಾಡುವ ಗೌಜಲಹಕ್ಕಿ, ಅಲ್ಲೊಂದು ಇಲ್ಲೊಂದು ಕಮರದ ಮರ ಕಾಣುತ್ತವೆ. ಮರ ಕಡಿಮೆ ಎಂದು ಪೇಟೆಯವರು ಮೂಗು ಮುರಿಯುತ್ತಾರೆ. ಅಯ್ಯೋ ಸ್ವಾಮಿ, ಇದು ಹುಲ್ಲಿನ ಸೀಮೆ, ಹುಲ್ಲೇ ಇಲ್ಲಿಯ ಕಾಡು ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಆದರೆ ಗುಡ್ಡದ ಪಡುವಣ ಮಗ್ಗುಲಲ್ಲಿ ಒಂದು ಕಣದಗಲದ ಜಾಗದಲ್ಲಿ ಗರಿಕೆಯೂ ಇಲ್ಲ, ಬರೀ ಬೆಣಚುಕಲ್ಲು. ಅದಕ್ಕೆ 'ಎಲ್ಲರ ಬೋಳು' ಎಂದು ಹೆಸರು. ಯಾರದೋ ತಲೆ ಬೋಳಿಸಿದ ಕಥೆಯಿರಬೇಕು ಎಂದು ಬಂದವರು ನಗುತ್ತಾರೆ. ನಗಲಿ, ಅವರಿಗೇನು ಗೊತ್ತು.

ಹಿಂದೆ ಒಮ್ಮೆ, ಈ ಸೀಮೆಗೆ ಇನ್ನೂ ಪಾಳೆಯಗಾರರ ಆಳ್ವಿಕೆ ಇದ್ದಾಗ, ಗುಡ್ಡದ ಕಾವಲು ಗೊಲ್ಲರ ಕ್ಯಾತಪ್ಪನೆಂಬುವನದಾಗಿತ್ತು ಎನ್ನುತ್ತಾರೆ. ಮುಂಗಾರಿನಿಂದ ಕಾರ್ತಿಕದವರೆಗೆ ಗುಡ್ಡಕ್ಕೆ ಬೇಲಿ, ಒಂದು ಕರುವೂ ಒಳಗೆ ಹೋಗುವಂತಿರಲಿಲ್ಲ. ಕರಡದ ಬೀಜಕ್ಕೆ ಸೂಜಿಯಂಥ ಮೊನೆ, ಉಣ್ಣೆ ಕಂಡರೆ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಕಾರ್ತಿಕ ಕಳೆದ ಮೇಲೆ ಕ್ಯಾತಪ್ಪ ಕರಿಕಂಬಳಿಯೊಂದನ್ನು ಹುಲ್ಲಿನ ಮೇಲೆ ಈ ತುದಿಯಿಂದ ಆ ತುದಿಗೆ ಎಳೆದು, ಹಾಸುಬಂಡೆಯ ಮೇಲೆ ಐದೂರಿನವರ ಮುಂದೆ ಹರಡಬೇಕು. ಕಂಬಳಿಯಲ್ಲಿ ಬೀಜ ಕಂಡರೆ ಹುಲ್ಲು ಇನ್ನೂ ಬಸುರಿ, ಬೇಲಿ ತೆಗೆಯುವಂತಿಲ್ಲ. ಒಂದೂ ಇಲ್ಲದಿದ್ದರೆ ಬೀಜವೆಲ್ಲ ನೆಲ ಸೇರಿತೆಂದು ಅರ್ಥ, ದನ ಬಿಡಬಹುದು. ಕ್ಯಾತಪ್ಪ ಈ ಕೆಲಸದಲ್ಲಿ ತಂದೆಯನ್ನೂ ನಂಬುವವನಲ್ಲ ಎಂದು ಹೆಸರಾಗಿದ್ದ.

ಒಂದು ವರ್ಷ ಹಿಂಗಾರು ಕೈಕೊಟ್ಟಿತು. ಹೊಲದಲ್ಲಿ ಸೊಪ್ಪೆಯಿಲ್ಲ, ಕೆರೆಯಂಗಳದಲ್ಲಿ ಜೊಂಡಿಲ್ಲ, ದನಗಳು ಗುಡಿಸಲ ಸೂರು ಕಿತ್ತು ತಿನ್ನುತ್ತಿದ್ದವು. ಕ್ಯಾತಪ್ಪನಿಗೆ ತಾಯಿ ಇಲ್ಲ, ಅವನನ್ನು ಎತ್ತಿ ಆಡಿಸಿದವಳು ಅಕ್ಕ ಮಾರಕ್ಕ. ಅವಳ ಮನೆಯ ಒಂದೇ ಹಸು ಎದ್ದು ನಿಲ್ಲಲಾರದಂತಾಗಿತ್ತು. ಕಂಬಳಿ ಎಳೆಯುವ ಹಿಂದಿನ ದಿನ ಅವಳು ತಮ್ಮನ ಬಳಿ ಬಂದು, "ಎಂಟು ದಿನ ಮುಂಚೆ ಬಿಟ್ರೆ ಗುಡ್ಡ ಎಲ್ಲಿಗೆ ಹೋಗ್ತದಪ್ಪ? ಹಸು ಹೋದ್ರೆ ನಾನೂ ಹೋದಂಗೇ ಕಣಪ್ಪ" ಎಂದಳು. ಕ್ಯಾತಪ್ಪ ಮರುದಿನ ಕಂಬಳಿ ಎಳೆದ. ಪಡುವಣ ಮಗ್ಗುಲಿಗೆ ಬರುವಷ್ಟರಲ್ಲಿ ಅದು ಮುಳ್ಳುಹಂದಿಯ ಬೆನ್ನಿನಂತಾಗಿತ್ತು. ತಂಗಡಿಯ ಪೊದೆಯ ಹಿಂದೆ ಕುಳಿತು ಒಂದೊಂದೇ ಬೀಜವನ್ನು ಕಿತ್ತ. ಬೆರಳಲ್ಲಿ ರಕ್ತ ಬಂತಂತೆ. ಆಮೇಲೆ ಹಾಸುಬಂಡೆಯ ಮೇಲೆ ಕಂಬಳಿ ಹರಡಿ, ಬಿಡಿ ದನ ಎಂದ. ಐದೂರಿನ ದನ ಹುಲ್ಲು ದಟ್ಟವಾಗಿದ್ದ ಪಡುವಣ ಮಗ್ಗುಲಿಗೆ ನುಗ್ಗಿದವು.

ಮಾರಕ್ಕನ ಹಸು ಉಳಿಯಿತು. ಆದರೆ ಮುಂದಿನ ಮುಂಗಾರು ಜೋರಾಗಿ ಹೊಡೆದಾಗ ಆ ಮಗ್ಗುಲಲ್ಲಿ ಮೊಳೆಯಲು ಬೀಜವಿರಲಿಲ್ಲ, ಗೊರಸಿಗೆ ಸಿಕ್ಕ ಹಳೆಯ ಬುಡಗಳಿಗೆ ಮಣ್ಣು ಹಿಡಿಯುವ ಶಕ್ತಿಯಿರಲಿಲ್ಲ. ಕೆಂಪು ಮಣ್ಣೆಲ್ಲ ಹಳ್ಳ ಸೇರಿತು. ಮೇವು ಅರ್ಧಕ್ಕೆ ಇಳಿದು ಎಷ್ಟೋ ಮನೆಯವರು ದನ ಹೊಡೆದುಕೊಂಡು ಪರಸೀಮೆಗೆ ಹೋದರು. ವಿಚಿತ್ರವೆಂದರೆ ಕ್ಯಾತಪ್ಪನ ಮೇಲೆ ಯಾರೂ ಬೆರಳು ತೋರಿಸಲಿಲ್ಲ. ದೇವಿ ಮಾರಮ್ಮ ಮುನಿದಿದ್ದಾಳೆ, ಪಾಪ, ಅವನೇನು ಮಾಡಿಯಾನು ಎಂದರು. ಆ ಮಾತೇ ಅವನಿಗೆ ಉರಿಯಾಯಿತು. ಅಕ್ಕ ಕೊಟ್ಟ ಹಾಲನ್ನು ಹಿತ್ತಲಿಗೆ ಹೋಗಿ ಉಗುಳಿ ಬರುತ್ತಿದ್ದನಂತೆ.

ಮರುವರ್ಷ ಐದೂರು ಬಂಡೆಯ ಬಳಿ ಸೇರಿದಾಗ ಅವನು ಕಂಬಳಿಯನ್ನು ನೆಲಕ್ಕೆಸೆದು, "ಮಾರಮ್ಮನ್ನ ಯಾಕ್ ಬೈತೀರಿ? ಬೀಜ ಕಿತ್ತೋನು ನಾನು. ನನ್ನ ಅಕ್ಕನ ಹಸುಗೋಸ್ಕರ ನಿಮ್ಮ ಗುಡ್ಡ ತಿಂದೆ" ಎಂದ. ಒಬ್ಬ ಯಜಮಾನ ಗಂಟಲು ಸರಿಮಾಡಿಕೊಂಡು, ಇವನನ್ನು ಸೀಮೆ ದಾಟಿಸಬೇಕು, ಆ ಜಾಗಕ್ಕೆ ಕ್ಯಾತಪ್ಪನ ಬೋಳು ಎಂದೇ ಹೆಸರಿರಲಿ ಎಂದ. ಆಗ ಸಣ್ಣೀರಮ್ಮ ಎಂಬ ಎಮ್ಮೆ ಸಾಕುವ ಮುದುಕಿ ಎದ್ದಳು. "ಅವನೊಬ್ಬನ ಹೆಸ್ರು ಯಾಕ್ರೋ? ಅವತ್ತು ದನದ ಹಿಂದೆ ಹೋದಾಗ ನನ್ ಸೀರೆ ನೆರಿಗೆ ತುಂಬ ಬೀಜ. ಕಂಡ ಮೇಲೂ ಎಮ್ಮೆ ಹೊಡ್ಕಂಡು ಬರಲಿಲ್ಲ. ಮನೇಲಿ ಕುಂತು ಕಿತ್ತು ಒಲೆಗೆ ಹಾಕ್ದೆ. ನಿಮ್ಮ ಪಂಚೇಲಿ ಇರ್ಲಿಲ್ವಾ? ದನದ ಮೂತೀಲಿ ಇರ್ಲಿಲ್ವಾ? ನಾವೇನು ಕುರುಡರಾಗಿದ್ವಾ?" ಯಜಮಾನ ತಲೆ ತಗ್ಗಿಸಿ ತನ್ನ ಪಂಚೆಯನ್ನೇ ನೋಡಿಕೊಂಡನಂತೆ. ನನ್ನದರಲ್ಲೂ ಇತ್ತು ಎಂದು ಒಬ್ಬ ಹೇಳಿದ. ಇನ್ನೊಬ್ಬ ಹೇಳಿದ. ಹೇಳದವರು ಅತ್ತರು. ಅಂದಿನಿಂದ ಅದು ಎಲ್ಲರ ಬೋಳಾಯಿತು. ಕಂಬಳಿ ಕ್ಯಾತಪ್ಪನ ಬಳಿಯೇ ಉಳಿಯಿತು, ಆದರೆ ಇನ್ನು ಮುಂದೆ ಎಳೆಯುವವನ ಪಕ್ಕದಲ್ಲಿ ಊರಿಗೊಬ್ಬರಂತೆ ಐದು ಜನ ನಡೆಯಬೇಕೆಂದು ಕಟ್ಟಳೆಯಾಯಿತು. ಅವನು ಸಾಯುವವರೆಗೆ ದೂರದ ಗುಡ್ಡಗಳಿಂದ ಬೀಜ ತಂದು ಅಲ್ಲಿ ಉದುರಿಸಿದ. ಅಂಚಿನಲ್ಲಿ ಒಂದಿಷ್ಟು ಹಸಿರಾಯಿತು, ನಡುವೆ ಆಗಲಿಲ್ಲ.

ಈಗಲೂ ಕಂಬಳಿ ಎಳೆಯುತ್ತಾರೆ, ಐದು ಜನ ನಡೆಯುತ್ತಾರೆ. ನೋಡಲು ಬಂದವರನ್ನು ನಾನೇ ಬೋಳಿನವರೆಗೆ ಕರೆದೊಯ್ದು ಈ ಕಥೆ ಹೇಳುತ್ತೇನೆ. ಕೆಲವರ ಕಣ್ಣು ಚುರುಕು. ಅದರ ತೆಂಕಣ ಅಂಚಿಗೆ ಹೊಸದಾಗಿ ಮಣ್ಣು ಕಿತ್ತುಹೋದ ಒಂದು ಕೆಂಪು ಪಟ್ಟಿ ಇದೆ, ಅದೇನು ಎಂದು ಕೇಳುತ್ತಾರೆ. ಮೂರು ವರ್ಷದ ಹಿಂದೆ ಮರಡಿಹಟ್ಟಿಯ ಪರವಾಗಿ ಕಂಬಳಿಯ ಪಕ್ಕ ನಡೆದವನು ನಾನು. ಆ ಮೂಲೆಯಲ್ಲಿ ಉಣ್ಣೆಗೆ ಹತ್ತಿಪ್ಪತ್ತು ಬೀಜ ಕಚ್ಚಿಕೊಂಡಿದ್ದನ್ನು ಕಂಡೆ. ನನ್ನ ಕೊಟ್ಟಿಗೆಯಲ್ಲಿ ಹಿಡಿ ಮೇವಿರಲಿಲ್ಲ. ಉಳಿದ ನಾಲ್ವರ ಮುಖ ನೋಡಿದೆ, ಅವರು ಆಕಾಶ ನೋಡುತ್ತಿದ್ದರು. ನಾನೂ ನೋಡಿದೆ. ಬೇಲಿ ತೆಗೆದರು. ಬಂದವರು ಆ ಪಟ್ಟಿಯ ಹೆಸರು ಕೇಳಿದಾಗ, ಅದಕ್ಕಿನ್ನೂ ಹೆಸರಿಟ್ಟಿಲ್ಲ ಎಂದು ಹೇಳಿ ಮುಂದೆ ನಡೆಯುತ್ತೇನೆ.